ಬಾಯಿ ಮೇಲಿನ ಕೈ

ಗುಲಾಬಿ, ಎಲ್ಲಿ ನೋಡಿದರೂ ಗುಲಾಬಿ, ಅದರ ಮೇಲೆ ಸಾಸಿವೆ ಡಬ್ಬಿ ಕೈಜಾರಿ ಚೆಲ್ಲಿದ ಹಾಗೆ ನೇರಳೆ ಚುಕ್ಕಿ, ಮೈಕ್ರೋಸ್ಕೋಪಿನ ಕೆಳಗಿನ ಗಾಜಿನ ಪಟ್ಟಿಯನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಿದರೆ ಇನ್ನಷ್ಟು ಚುಕ್ಕಿ, ಎಡಕ್ಕೆ ಸರಿಸಿದರೆ ಮತ್ತಷ್ಟು, ಮತ್ತೆ ಅಗೋ ಆ ಹಾಳಾದ್ದು, ಆ ದೊಡ್ಡ ಕಣ, ಎರಡು ಕಣ್ಣು ಬಿಟ್ಟುಕೊಂಡು ದುರುಗುಟ್ಟಿ ನೋಡುವ ಗೂಬೆ — ಕಾಲೇಜಿನಲ್ಲಿ ಹಾಗೇ ಕಲಿಸುತ್ತಾರೆ, ಕುತ್ತಿಗೆಯ ಗಂಟಿನಲ್ಲಿ ಗೂಬೆಗಣ್ಣಿನ ಕಣ ಕಂಡರೆ ಕ್ಯಾನ್ಸರ್ ಅಂತ ನೆನಪಿಡಿ ಮಕ್ಕಳೇ, ಅವಳೂ ಎಷ್ಟು ವರ್ಷದಿಂದ ಎಷ್ಟು ಮಕ್ಕಳಿಗೆ ಹಾಗೇ ಹೇಳಿಕೊಟ್ಟಿಲ್ಲ — ಆದರೆ ಇದು ಗೂಬೆಯ ಹಾಗೆ ಕಾಣುತ್ತದೆಯೇ ಹೊರತು ಗೂಬೆಯಲ್ಲ, ಕಣ್ಣು ಅಷ್ಟು ಕೆಂಪಗಿಲ್ಲ, ಸುತ್ತ ಬೆಳ್ಳಗಿನ ಬಳೆ ಸರಿಯಾಗಿಲ್ಲ, ಸಿಟ್ಟು ಬಂದ ಯಾವ ಕಣವಾದರೂ ಉಬ್ಬಿ ಹೀಗೆ ಕಣ್ಣು ಬಿಡುತ್ತದೆ, ಈಗ ಕನ್ನಡಿ ನೋಡಿಕೊಂಡರೆ ಅವಳೇ ಹೀಗೆ ಕಂಡಾಳು. ನೀನು ಇದನ್ನ ನೋಡೋ ಹಾಗೇ ಇಲ್ಲಮ್ಮ, ಇದು ನಿನ್ನ ತಮ್ಮಂದು, ನೀನು ಮೇಲೆ ಹೋಗಿ ಮನೆಯವರ ಜೊತೆ ಕೂತ್ಕೋ. ಹೀಗೆಂದವರು ಮುದ್ರೆ ಸರ್, ವಿಭಾಗದ ಮುಖ್ಯಸ್ಥರು, ಅವರು ನೋಡಿ ಹೇಳಿದ್ದೆಂದರೆ ಮುದ್ರೆ ಒತ್ತಿದ ಹಾಗೆ ಎಂದು ಇಡೀ ಆಸ್ಪತ್ರೆಯೇ ಇಟ್ಟ ಹೆಸರು, ಎದುರಿಗೆ ಯಾರೂ ಕರೆಯುವುದಿಲ್ಲ, ಅವರಿಗೂ ಗೊತ್ತು, ಅವರಿಗೂ ಅದು ಇಷ್ಟ. ಅವರು ಮೀಟಿಂಗಿಗೆ ಹೋದದ್ದೇ ತಡ ಅವರ ಟ್ರೇಯಿಂದ ಈ ಗಾಜನ್ನು ಎತ್ತಿಕೊಂಡು ಬಂದಳು, ಕಳ್ಳಿಯ ಹಾಗೆ, ತನ್ನದೇ ಲ್ಯಾಬಿನಲ್ಲಿ, ತನ್ನದೇ ತಮ್ಮನ ಗಂಟನ್ನು ನೋಡುವುದಕ್ಕೆ ಕಳ್ಳತನ! ಅವರು ವಾಪಸ್ಸು ಬಂದಾಗ ಹೇಳಿದಳು, ಸರ್, ಗಂಟಿನ ಕಟ್ಟು ಪೂರ್ತಿ ಮುರಿದಿಲ್ಲ, ಒಳಗಿನ ಕಾಲುವೆ ಹಾಗೇ ಇವೆ, ಇದು ಬೇರೇನೋ ಅನ್ನಿಸುತ್ತೆ. ಅವರು ಕನ್ನಡಕ ತೆಗೆದು ಒರೆಸಿದರು, ನಿಧಾನಕ್ಕೆ, ತುಂಬ ಕರುಣೆಯಿಂದ — ಆ ಕರುಣೆಗಿಷ್ಟು ಬೆಂಕಿ ಬೀಳ — ಕಣ್ಣಲ್ಲಿ ನೀರಿಟ್ಕೊಂಡು ನೋಡಿದ್ರೆ ಎಲ್ಲ ಒಳ್ಳೇದೇ ಕಾಣುತ್ತಮ್ಮ. ನೀರೆಲ್ಲಿತ್ತು? ಒಂದು ಹನಿಯಾದರೂ ಇತ್ತೇ? ಅಪ್ಪ ಹೋದಾಗಲೂ ಜನರೆದುರಿಗೆ ಅಳದವಳು ಅವಳು. ಊಟ ಮಾಡಿ ಬಂದು ಸಹಿ ಹಾಕ್ತೀನಿ, ನಾಳೆ ಬೆಳಿಗ್ಗೆ ಔಷಧಿ ಹನಿಸೋಕೆ ಶುರು ಮಾಡ್ತಾರೆ, ಬೇಗ ಸಿಕ್ಕಿದೆ, ಧೈರ್ಯ ತಂದ್ಕೋ.

ಬೇಗ ಸಿಕ್ಕಿದೆಯಂತೆ, ಕಳೆದುಹೋದ ಕೊಡೆ ಸಿಕ್ಕ ಹಾಗೆ. ಅವಳಿಗೆ ಗೊತ್ತು ಇದು ಶುರುವಾದದ್ದು ಎಲ್ಲಿಂದ ಎಂದು, ಮುದ್ರೆ ಸರ್ ಅವರಿಂದಲ್ಲ, ಆ ಸರ್ಜನ್‌ನಿಂದ, ಗಂಟು ಕುಯ್ದು ಕೈ ತೊಳೆಯುವ ಮೊದಲೇ ಬಾಗಿಲಿನಿಂದ ತಲೆ ಹೊರಗೆ ಹಾಕಿ ತಮ್ಮನ ಹೆಂಡತಿಗೆ ಹೇಳಿಬಿಟ್ಟ ಮಹಾನುಭಾವ, ನೋಡೋಕೆ ಚೆನ್ನಾಗಿಲ್ಲಮ್ಮ, ಮೀನಿನ ಮಾಂಸದ ಥರ ಇದೆ, ಮನಸ್ಸು ಗಟ್ಟಿ ಮಾಡ್ಕೊಳ್ಳಿ. ಮೀನು ಮಾರುವವನ ಕಣ್ಣಿನಿಂದ ಕಾಯಿಲೆ ಹೇಳುವುದಾದರೆ ನಾವೆಲ್ಲ ಈ ನೆಲಮಾಳಿಗೆಯಲ್ಲಿ ಗಾಜು ನೋಡುತ್ತ ಕಣ್ಣು ಹಾಳುಮಾಡಿಕೊಂಡು ಕೂತಿರುವುದು ಯಾವ ಸಂಪತ್ತಿಗೆ? ಅದೂ ಸಾಲದೆಂದು ಗಂಟಿನ ಬಾಟಲಿ ಜೊತೆ ಕಳಿಸಿದ ಚೀಟಿಯಲ್ಲಿ ಬರೆದ, ಕ್ಯಾನ್ಸರ್ ಖಚಿತ, ದಯವಿಟ್ಟು ಯಾವ ಬಗೆ ತಿಳಿಸಿ. ಖಚಿತ! ಯಾವ ಬಗೆ! ಅಂಗಡಿಗೆ ಹೋಗಿ ಸೀರೆ ಖಚಿತ, ಬಣ್ಣ ಮಾತ್ರ ನೀವು ಹೇಳಿ ಅಂದ ಹಾಗೆ. ಚೀಟಿಯನ್ನು ಮೊದಲು ಓದಿ ಆಮೇಲೆ ಗಾಜು ನೋಡುತ್ತಾರೆ ಇಲ್ಲಿ, ಅದೇ ಇಲ್ಲಿನ ಪದ್ಧತಿ, ಅವಳು ಹೊಸದಾಗಿ ಸೇರಿದಾಗಲೇ ಜಗಳವಾಡಿದ್ದಳು, ಮೊದಲು ಕಣ್ಣಿಗೆ ಏನು ಕಾಣುತ್ತೋ ನೋಡೋಣ ಸರ್, ಆಮೇಲೆ ಅವರೇನು ಹೇಳ್ತಾರೋ ಓದೋಣ, ನಕ್ಕುಬಿಟ್ಟಿದ್ದರು ಎಲ್ಲ. ಖಚಿತ ಎಂದು ಓದಿಕೊಂಡು ಹುಡುಕುವವನಿಗೆ ಗೂಬೆ ಸಿಗದೆ ಇನ್ನೇನು ಸಿಗುತ್ತದೆ, ಹುಡುಕುತ್ತಲೇ ಇದ್ದರೆ ಒಂದು ಸಿಗುತ್ತದೆ, ಒಂದು ಸಿಕ್ಕ ಮೇಲೆ ಉಳಿದದ್ದು ಯಾರೂ ನೋಡುವುದಿಲ್ಲ. ಕಂದು ಬಣ್ಣ ಹತ್ತಿದೆಯಲ್ಲಮ್ಮ, ಸ್ಪೆಷಲ್ ಬಣ್ಣ ಸುಳ್ಳು ಹೇಳುತ್ತಾ, ಎಂದರು ಮುದ್ರೆ ಸರ್. ಸುಳ್ಳು ಹೇಳುವುದಿಲ್ಲ ಸರ್, ಅರ್ಧ ಹೇಳುತ್ತದೆ, ಕೆರಳಿದ ಕಣ ಯಾವುದಕ್ಕೂ ಆ ಕಂದು ಹತ್ತುತ್ತದೆ, ಇನ್ನೊಂದು ಬಣ್ಣ ಹಾಕಿ ನೋಡಬೇಕು, ಅದು ಖಾಲಿಯಾಗಿದೆ, ಬರಬೇಕು, ಬರುವ ತನಕ ಕಾಯುವುದಕ್ಕೆ ಯಾರಿಗೂ ಪುರಸೊತ್ತಿಲ್ಲ. ಇತ್ತ ಮೇಲೆ ವಾರ್ಡಿನಲ್ಲಿ ನೆಂಟರಿಷ್ಟರ ಪರಿಷೆ, ಹಣ್ಣಿನ ಬುಟ್ಟಿ, ಪಿಸುಮಾತು, ಇವನಿಗೆ ಹೀಗಾಗಬಾರದಿತ್ತು, ಎಷ್ಟು ನಗ್ತಾ ಇದ್ದ. ಇದ್ದ! ಆಗಲೇ ಇದ್ದ! ಮನುಷ್ಯ ಎದುರಿಗೆ ಮಂಚದ ಮೇಲೆ ಬಾಳೆಹಣ್ಣು ಸುಲಿಯುತ್ತಿದ್ದಾನೆ, ಇವರು ಆಗಲೇ ಇದ್ದ ಅನ್ನುತ್ತಿದ್ದಾರೆ. ಅವಳಿಗೆ ಮೈಯೆಲ್ಲ ಉರಿದು ಎಲ್ಲರನ್ನೂ ಆಚೆಗೆ ಕಳಿಸಿದ್ದಳು ನಿನ್ನೆ, ಅಕ್ಕನಿಗೆ ತಲೆ ಕೆಟ್ಟಿದೆ, ಪಾಪ, ಅಂದುಕೊಂಡು ಹೋದರು.

ತಲೆ ಕೆಟ್ಟಿದೆಯೇನೋ, ಯಾರಿಗೆ ಗೊತ್ತು, ಮುದ್ರೆ ಸರ್ ಹೇಳಿದ್ದೇ ನಿಜವೇನೋ, ಬೇಕಾದ್ದನ್ನೇ ಕಣ್ಣು ಕಾಣುತ್ತಿದೆಯೇನೋ — ಅವರು ಕ್ಯಾನ್ಸರ್ ಹುಡುಕಿ ಕ್ಯಾನ್ಸರ್ ಕಂಡ ಹಾಗೆ ಅವಳು ತಮ್ಮನನ್ನು ಹುಡುಕಿ ತಮ್ಮನನ್ನು ಕಾಣುತ್ತಿದ್ದಾಳೇನೋ — ಗಾಜನ್ನು ತೆಗೆದು, ಎದ್ದು ಮುಖ ತೊಳೆದು, ಬಂದು ಮತ್ತೆ ಕೂತಳು, ಇದು ನನ್ನ ತಮ್ಮಂದಲ್ಲ, ಯಾರೋ ದಾರಿಹೋಕಂದು, ಹೆಸರಿಲ್ಲ, ಚೀಟಿ ಇಲ್ಲ, ನೋಡು. ನೋಡಿದಳು. ಗೂಬೆಯನ್ನು ಬಿಟ್ಟು ಅದರ ನೆರೆಹೊರೆಯನ್ನು ನೋಡಿದಳು. ಕೆಂಪು ಕಾಳಿನ ಕಣಗಳು ಗುಂಪುಗುಂಪಾಗಿ, ಮದುವೆ ಮನೆಗೆ ಬಂದ ಬೀಗರ ಹಾಗೆ, ಎಲ್ಲ ಮೂಲೆಯಲ್ಲೂ ಅವೇ, ಮೈಗೆ ಒಗ್ಗದ್ದು ಏನಾದರೂ ಹೊಟ್ಟೆಗೆ ಬಿದ್ದಾಗ ಓಡಿಬರುವ ಕಣಗಳು ಇವು, ಗೂಬೆಗಣ್ಣಿನ ಕ್ಯಾನ್ಸರಿಗೂ ಬರುತ್ತವೆ, ಬರುವುದಿಲ್ಲ ಎಂದಲ್ಲ, ಆದರೆ ಗಂಟಿನ ಮನೆ ಗೋಡೆ ಬೀಳದೆ, ಕಾಲುವೆ ತೆರೆದೇ ಇದ್ದು, ಮಧ್ಯದ ಓಣಿಗಳು ಮಾತ್ರ ಹೀಗೆ ಉಬ್ಬಿ, ಇಷ್ಟು ಕೆಂಪು ಕಾಳು — ಮಾತ್ರೆ. ಇದು ಮಾತ್ರೆ. ಯಾವುದೋ ಮಾತ್ರೆ ನುಂಗುತ್ತಿದ್ದಾನೆ, ತಿಂಗಳುಗಟ್ಟಲೆ ನುಂಗುತ್ತಿದ್ದಾನೆ, ಮೈ ಸಿಟ್ಟಾಗಿದೆ, ಜ್ವರ ಅದರಿಂದ, ಬೆನ್ನಿನ ಮೇಲಿನ ದದ್ದು ಅದರಿಂದ, ಗಂಟು ಅದರಿಂದ. ಆದರೆ ಚೀಟಿಯಲ್ಲಿ ಬರೆದಿದೆ, ಬೇರೆ ಕಾಯಿಲೆ ಇಲ್ಲ, ಮಾತ್ರೆ ಇಲ್ಲ, ಅವಳೇ ಮೊನ್ನೆ ಕೇಳಿದ್ದಳಲ್ಲ ಎದುರಿಗೆ ಕೂರಿಸಿಕೊಂಡು, ಏನಾದ್ರೂ ಮಾತ್ರೆ ತಗೋತಿದ್ಯೇನೋ? ಇಲ್ಲ ಅಕ್ಕ, ನಂಗ್ಯಾವ ಮಾತ್ರೆ, ಗುಂಡುಕಲ್ಲಿನ ಥರ ಇದ್ದೀನಿ ಅಂದು ನಕ್ಕ, ನಗುವಾಗ ಕೈ ಬಾಯಿಗೆ ಹೋಯಿತು — ಕೈ. ಬಾಯಿಗೆ ಕೈ. ಅವನು ಎಂದಿನಿಂದ ಹೀಗೆ ನಗುತ್ತಾನೆ? ಅವನು ಓಡಿಸುವ ಶಾಲೆ ಬಸ್ಸಿನ ಮಕ್ಕಳು ನಗುಮಾಮ ಎಂದು ಹೆಸರಿಟ್ಟ ಗಂಡಸು, ಬಾಯಿ ಬಿಟ್ಟು ನಕ್ಕರೆ ಕಿರುನಾಲಗೆ ಕಾಣುತ್ತಿತ್ತು, ಅಮ್ಮ ಬೈಯುತ್ತಿದ್ದಳು, ಮುಚ್ಚೋ ಬಾಯಿ, ನೊಣ ಹೋದೀತು. ಹೋದ ವರ್ಷ ಅವನ ಮಗಳ ಹುಟ್ಟುಹಬ್ಬದ ದಿನ ಕೇಕು ಕತ್ತರಿಸುವಾಗ ಎಲ್ಲರ ಫೋಟೋ ತೆಗೆದಳು, ಎಲ್ಲರೂ ಹಲ್ಲು ಬಿಟ್ಟಿದ್ದಾರೆ, ಅವನೊಬ್ಬ ಅಂಗೈ ಅಡ್ಡ ಹಿಡಿದಿದ್ದಾನೆ, ತೆಗಿಯೋ ಕೈ, ಹೊಸ ಮದುವಣಗಿತ್ತಿ ಥರ ಆಡ್ತೀಯ ಎಂದು ರೇಗಿಸಿದವಳೂ ಅವಳೇ. ಅಯ್ಯೋ ದೇವರೇ. ಫಿಟ್ಸಿಗೆ ಕೊಡುವ ಒಂದು ಹಳೇ ಮಾತ್ರೆ ಇದೆ, ವಸಡು ಬೆಳೆಯುತ್ತದೆ ಅದರಲ್ಲಿ, ಹಲ್ಲಿನ ಮೇಲೆ ಏರಿ ಬರುತ್ತದೆ, ಆ ಮಾತ್ರೆಯೇ ಕುತ್ತಿಗೆಯಲ್ಲಿ ಗಂಟು ಎಬ್ಬಿಸಿ ಕ್ಯಾನ್ಸರಿನ ವೇಷ ಹಾಕುತ್ತದೆ — ಅವಳು ಕುರ್ಚಿ ಹಿಂದಕ್ಕೆ ನೂಕಿದ್ದಕ್ಕೆ ಅದು ಬಿತ್ತು, ಬಿದ್ದರೆ ಬೀಳಲಿ.

ಮೆಟ್ಟಿಲು ಹತ್ತುತ್ತ ಸಿಟ್ಟು ಹತ್ತುತ್ತ, ಲಿಫ್ಟಿಗೆ ಕಾಯುವ ವ್ಯವಧಾನ ಯಾರಿಗಿದೆ, ಮೊದಲ ಮಹಡಿಯಲ್ಲಿ ಸರ್ಜನ್ ಮೇಲೆ, ಒಂದೇ ಒಂದು ಸಲ ಬಾಯಿ ತೆಗಿ ಅಂದಿದ್ದರೆ ಆ ಪುಣ್ಯಾತ್ಮನ ಗಂಟೇನು ಹೋಗುತ್ತಿತ್ತು, ಕುತ್ತಿಗೆ ಕುಯ್ಯುತ್ತಾನೆ, ಅದರ ಮೇಲೆ ಒಂದು ಬಾಯಿ ಇದೆ ಎಂದು ನೋಡುವುದಿಲ್ಲ, ಎರಡನೆಯದರಲ್ಲಿ ಮುದ್ರೆ ಸರ್ ಮೇಲೆ, ಮೂರನೆಯದರಲ್ಲಿ ತನ್ನ ಮೇಲೆಯೇ, ಮತ್ತೆ ಉಸಿರು ಕಟ್ಟಿ ನಿಂತು ಬಾಗಿಲು ತಳ್ಳಿದರೆ ಮಂಚದ ಮೇಲೆ ಅವನು, ಕುತ್ತಿಗೆಗೆ ಬಿಳಿ ಪಟ್ಟಿ, ಕಿಟಕಿಯಾಚೆ ರಸ್ತೆಯಲ್ಲಿ ಹೋಗುವ ಬಸ್ಸುಗಳನ್ನು ನೋಡುತ್ತ, ಪಕ್ಕದಲ್ಲಿ ಅವನ ಹೆಂಡತಿ ಯಾರದೋ ಬ್ಲೌಸಿಗೆ ಕೊಕ್ಕೆ ಹೊಲಿಯುತ್ತ, ಆಸ್ಪತ್ರೆಗೂ ಹೊಲಿಗೆ ತಂದಿದ್ದಾಳೆ, ಕೈಗೆ ಕೆಲಸವಿಲ್ಲದಿದ್ದರೆ ಹುಚ್ಚು ಹಿಡಿಯುತ್ತೆ ಅಕ್ಕ ಅಂದಿದ್ದಳು. ಬಾಯಿ ತೆಗಿ. ಏನಕ್ಕ? ಬಾಯಿ ತೆಗಿಯೋ. ಅವನ ಕೈ ಮೇಲೆ ಬಂತು, ತಾನಾಗಿಯೇ, ಯಾರೂ ನಗಿಸಿರಲಿಲ್ಲ. ಯಾವ ಮಾತ್ರೆ ತಗೋತಿದ್ಯ, ಸುಳ್ಳು ಹೇಳಿದ್ರೆ ಚರ್ಮ ಸುಲಿದುಬಿಡ್ತೀನಿ. ಅವಳು ಹೆಂಡತಿಯ ಕಡೆ ತಿರುಗಿದಳು, ಸೂಜಿ ನಿಂತಿತು, ಆ ಹುಡುಗಿ ಗಂಡನ ಮುಖ ನೋಡಿತು, ಇವಳ ಮುಖ ನೋಡಿತು, ಮಡಿಲಲ್ಲಿದ್ದ ಗುಂಡಿ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಡಬ್ಬಿ ಇಲ್ಲಿ ಕೊಡು. ಅಕ್ಕ, ನನ್ನ ಮೇಲೆ ಆಣೆ ಹಾಕ್ಸಿದ್ದಾರೆ ಅಕ್ಕ, ಮಗು ಮೇಲೂ. ಕೊಡು ಅಂದ್ರೆ ಕೊಡು. ಗುಂಡಿಗಳ ಕೆಳಗೆ, ದಾರದ ಉಂಡೆಗಳ ಕೆಳಗೆ, ಬೆಳ್ಳಿ ಕಾಗದದ ಮಾತ್ರೆ ಪಟ್ಟಿ, ಅದೇ, ಅದೇ ಹಾಳು ಮಾತ್ರೆ, ಇವತ್ತು ಬೆಳಗಿನದೂ ನುಂಗಿಯಾಗಿದೆ, ಅವಳ ಆಸ್ಪತ್ರೆಯಲ್ಲಿ, ಅವಳ ಮೂಗಿನ ಕೆಳಗೆ.

ಆಮೇಲೆ ಎಲ್ಲ ಹೊರಬಂತು, ನಲ್ಲಿ ವಾಷರು ಹೋದ ಹಾಗೆ, ಆಚೆ ವರ್ಷ ಚಳಿಯಲ್ಲಿ ಬಚ್ಚಲಲ್ಲಿ ಬಿದ್ದ, ನಾಲಗೆ ಕಚ್ಚಿಕೊಂಡಿದ್ದ, ಇನ್ನೊಂದು ಸಲ ನಿದ್ದೆಯಲ್ಲಿ, ಬೇರೆ ಊರಿನ ಡಾಕ್ಟರ ಹತ್ತಿರ ಹೋದರು, ಅಲ್ಲಿಯೂ ನಿಜ ಹೇಳದೆ ನಂದು ತರಕಾರಿ ವ್ಯಾಪಾರ ಅಂದ, ಫಿಟ್ಸ್ ಅಂತ ಗೊತ್ತಾದ್ರೆ ಲೈಸೆನ್ಸ್ ಕಿತ್ಕೋತಾರಕ್ಕ, ನಂಗೆ ಬಸ್ ಬಿಟ್ರೆ ಏನು ಬರುತ್ತೆ ಹೇಳು. ಬಸ್ಸಂತೆ ಬಸ್ಸು! ನಾಳೆ ಬೆಳಿಗ್ಗೆ ನಿನ್ನ ನರಕ್ಕೆ ವಿಷ ಹನಿಸ್ತಾರೆ, ಕೂದಲು ಉದುರುತ್ತೆ, ರಕ್ತ ಬಸಿದುಹೋಗುತ್ತೆ, ಇಲ್ಲದ ಕಾಯಿಲೆಗೆ ಸಾಯ್ತೀಯ, ನಿಂಗೆ ಬಸ್ಸು! ಅವನು ತಲೆ ತಗ್ಗಿಸಿ ಹೇಳಿದ್ದನ್ನು ಅವಳು ಜನ್ಮದಲ್ಲಿ ಮರೆಯಲಾರಳು, ಕ್ಯಾನ್ಸರ್ ಅಂದ್ರೆ ರಜಾ ಕೊಡ್ತಾರೆ ಅಕ್ಕ, ವಾಸಿಯಾಗಿ ಬಂದ್ರೆ ಬಸ್ ವಾಪಸ್ ಕೊಡ್ತಾರೆ, ಫಿಟ್ಸ್ ಅಂದ್ರೆ ಮತ್ತೆ ಹತ್ರಾನೇ ಸೇರಿಸಲ್ಲ. ಎಷ್ಟು ಲೆಕ್ಕ ಹಾಕಿದ್ದಾನೆ ನೋಡಿ, ಎಷ್ಟು ಅಚ್ಚುಕಟ್ಟಾದ ಲೆಕ್ಕ, ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅನ್ನಿಸಿತು, ಎರಡನ್ನೂ ಮಾಡದೆ ನಿಂತಳು, ನಿಂತಲ್ಲೇ ಇನ್ನೊಂದು ನೆನಪು ಬಂದು ಎದೆಗೆ ಒದ್ದಿತು, ಬೇಕರಿ ತಿರುವಿನಲ್ಲಿ ಬಸ್ಸು ಫುಟ್‌ಪಾತ್ ಹತ್ತಿದ್ದು, ನಾಯಿ ಅಡ್ಡ ಬಂತಕ್ಕ ಅಂದಿದ್ದ, ದೂರು ಕೊಟ್ಟ ಬೇಕರಿಯವನನ್ನು ಅವಳೇ ಹೋಗಿ ಬೈದು ಬಂದಿದ್ದಳು, ನಮ್ಮ ತಮ್ಮ ಎಷ್ಟು ವರ್ಷದಿಂದ ಓಡಿಸ್ತಿದಾನೆ ಗೊತ್ತೇನ್ರಿ, ಒಂದು ಗೀರು ಬಿದ್ದಿಲ್ಲ. ನಾಯಿ ಇತ್ತೇನೋ? ಹೇಳೋ, ನಾಯಿ ಇತ್ತಾ? ಅವನು ಕಿಟಕಿಯ ಕಡೆ ತಿರುಗಿದ. ಬಸ್ಸಲ್ಲಿ ಮಕ್ಕಳಿದ್ವು, ಪಾಪಿ, ಹಿಂದಿನ ಗಾಜಿಗೆ ಮೂಗು ಒತ್ತಿಕೊಂಡು ಟಾಟಾ ಮಾಡೋ ಮಕ್ಕಳು! ಎರಡು ಕ್ಷಣ ಅಕ್ಕ, ಎರಡೇ ಕ್ಷಣ ಕಪ್ಪಾಯ್ತು, ಬ್ರೇಕ್ ಹಾಕ್ದೆ, ಅವತ್ತಿಂದ ಮಾತ್ರೆ ಒಂದು ಜಾಸ್ತಿ ಮಾಡ್ಕೊಂಡೆ, ನಾನೇ. ನಾನೇ ಅಂತೆ. ಗಂಟು ಎದ್ದದ್ದು ಅದಾದ ಮೇಲೆ. ಅವಳಿಗೆ ಯಾರ ಮೇಲೆ ಕೂಗಬೇಕೆಂದೇ ತಿಳಿಯಲಿಲ್ಲ, ಲೈಸೆನ್ಸಿನವರ ಮೇಲೋ, ಫಿಟ್ಸ್ ಎಂದರೆ ದೆವ್ವ ಕಂಡ ಹಾಗೆ ಆಡುವ ಜನರ ಮೇಲೋ, ಬಾಯಿಗೆ ಬೀಗ ಹಾಕಿಕೊಂಡು ಕೊಕ್ಕೆ ಹೊಲಿಯುವ ಈ ಹುಡುಗಿಯ ಮೇಲೋ, ಮನೆಯಲ್ಲೊಬ್ಬ ಡಾಕ್ಟರ್ ಅಕ್ಕನಿದ್ದೂ ಪರ ಊರಿಗೆ ಹೋಗಿ ತರಕಾರಿ ಮಾರಿದ ಈ ಬೆಪ್ಪನ ಮೇಲೋ. ನಂಗೆ ಯಾಕೋ ಹೇಳ್ಲಿಲ್ಲ, ನಂಗೆ? ನಿಂಗೆ ಹೇಳಿದ್ರೆ ನೀನು ಬಸ್ ಹತ್ತೋಕೆ ಬಿಡ್ತಿದ್ಯಾ? ಇಲ್ಲ. ಅದಕ್ಕೇ. ಬರೀಬೇಡ ಅಕ್ಕ, ಬೇರೆ ಏನಾದ್ರೂ ಬರಿ, ಗಂಟು ಸುಮ್ನೆ ಬಂತು ಅಂತ ಬರಿ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಏನಾದ್ರೂ, ನಿಮ್ ಡಾಕ್ಟರುಗಳಿಗೆ ಬರುತ್ತಲ್ಲ ಆ ಥರ.

ಬರುತ್ತದೆ, ಚೆನ್ನಾಗಿ ಬರುತ್ತದೆ, ಅನುಮಾನಾಸ್ಪದ, ಖಚಿತವಿಲ್ಲ, ಇನ್ನೊಮ್ಮೆ ಪರೀಕ್ಷಿಸಿ — ಅಂಥ ದೀಪ ಹಚ್ಚಿಯೇ ಅರ್ಧ ಆಸ್ಪತ್ರೆ ನಡೆಯುತ್ತದೆ, ಅವಳು ಹಚ್ಚುವುದಿಲ್ಲ, ತಮ್ಮನಿಗೂ ಹಚ್ಚುವುದಿಲ್ಲ, ಅವನಿಗಂತೂ ಹಚ್ಚುವುದಿಲ್ಲ. ಕೆಳಗಿಳಿದಾಗ ಮುದ್ರೆ ಸರ್ ಊಟ ಮುಗಿಸಿ ಬಂದು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು, ಎದುರಿಗೆ ಅವನ ರಿಪೋರ್ಟು, ಸರ್, ಸಹಿ ಹಾಕ್ಬೇಡಿ, ಮತ್ತೆ ಶುರು ಮಾಡಿದ್ಯಾ ಅಮ್ಮ, ಸರ್, ಒಂದೇ ಒಂದು ಸಲ ಮೇಲೆ ಬನ್ನಿ, ಅವನ ಬಾಯಿ ನೋಡಿ, ನಾವು ಪೇಷಂಟ್ ನೋಡೋರಲ್ಲಮ್ಮ, ನಾವು ಗಾಜು ನೋಡೋರು, ಹೌದು ಸರ್, ಅದಕ್ಕೇ ಹೀಗಾಗಿದೆ, ಬನ್ನಿ, ನನ್ನ ಕಣ್ಣಲ್ಲಿ ನೀರಿದ್ರೆ ನಿಮ್ಮ ಕಣ್ಣಲ್ಲೇ ನೋಡಿ! ಅವಳ ಗಂಟಲು ಇಷ್ಟು ದೊಡ್ಡದು ಎಂದು ಅವಳಿಗೇ ಗೊತ್ತಿರಲಿಲ್ಲ, ಕಾರಿಡಾರಿನಲ್ಲಿ ಎರಡು ಬಾಗಿಲು ತೆರೆದುಕೊಂಡವು, ಮುದ್ರೆ ಸರ್ ಪೆನ್ನಿನ ಮುಚ್ಚಳ ಹಾಕಿದರು. ಹೆಜ್ಜೆ ಹೆಜ್ಜೆಗೂ ರೇಲಿಂಗ್ ಹಿಡಿದು ಹತ್ತಿದರು, ವಾರ್ಡಿನ ನರ್ಸಿಗೆ ಅವರು ಯಾರೆಂದೇ ಗೊತ್ತಿಲ್ಲ, ಭೇಟಿ ಸಮಯ ಸಂಜೆ ಅಜ್ಜಾ ಅಂದಳು, ಬೇರೆ ದಿನವಾಗಿದ್ದರೆ ಇವಳು ಬಿದ್ದು ಬಿದ್ದು ನಗುತ್ತಿದ್ದಳು. ಬಾಯಿ ತೆಗೀಪ್ಪ ನೋಡೋಣ ಎಂದರು ಮುದ್ರೆ ಸರ್. ಅವನು ತೆಗೆಯಲಿಲ್ಲ. ಅಂಗೈ ಬಾಯಿಯ ಮೇಲೆ, ಅದರ ಮೇಲೆ ಎರಡು ಕಣ್ಣು, ಅಕ್ಕನನ್ನೇ ನೋಡುವ ಕಣ್ಣು, ಬೇಡ ಅಕ್ಕ ಎನ್ನುವ ಕಣ್ಣು, ಚಿಕ್ಕವನಿದ್ದಾಗ ಗಾಜಿನ ಗೋಲಿ ಬಾಯಿಗೆ ಹಾಕಿಕೊಂಡು ಹೀಗೇ ಕೈ ಒತ್ತಿ ಹಿಡಿದು ನಿಂತಿದ್ದ, ಆಗ ಮೂಗು ಹಿಡಿದು ಬಾಯಿ ತೆಗೆಸಿದ್ದಳು, ಈಗ ಅವಳ ಕೈ ಏಳಲಿಲ್ಲ, ಅಷ್ಟು ಕೂಗಾಡಿದವಳ ಕೈ ಏಳಲಿಲ್ಲ, ಗಾಜಿನಲ್ಲಿ ಎಲ್ಲವನ್ನೂ ಕಂಡವಳು ತಮ್ಮನ ಬಸ್ಸನ್ನು ತನ್ನ ಕೈಯಾರೆ ಕಿತ್ತುಕೊಳ್ಳಲಾರದೆ ನಿಂತಳು. ಎದ್ದವಳು ಅವನ ಹೆಂಡತಿ. ಸೂಜಿಯನ್ನು ಬ್ಲೌಸಿಗೆ ಚುಚ್ಚಿಟ್ಟು, ಬ್ಲೌಸನ್ನು ಮಡಿಸಿಟ್ಟು, ಎದ್ದು ಬಂದು, ಸಾಕು ರೀ, ಬದುಕಿದ್ರೆ ತಾನೇ ಬೈಯೋರು, ಬೈದ್ರೆ ಬೈಸ್ಕೊಳ್ಳೋಣ, ಎಂದು ಅವನ ಮಣಿಕಟ್ಟು ಹಿಡಿದು ಕೆಳಗೆಳೆದಳು. ಮುದ್ರೆ ಸರ್ ಬಗ್ಗಿದರು, ಕನ್ನಡಕ ಹಣೆಗೇರಿಸಿದರು, ಬಾಯಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನೋಡಿದರು, ಆಮೇಲೆ ಹೇಳಿದರು, ಫಿಟ್ಸ್ ಮಾತ್ರೆ, ಅದನ್ನ ಬದಲಾಯಿಸಿ ಕಾದು ನೋಡೋಣಮ್ಮ, ನಾಳೆಯದು ನಿಲ್ಲಿಸು ಅಂತ ನಾನೇ ಹೇಳ್ತೀನಿ, ಇನ್ನೇನೋ ಹೇಳಿದರು, ಲೈಸೆನ್ಸ್ ಎಂದರು, ತಿಳಿಸ್ಬೇಕಾಗುತ್ತೆ ಎಂದರು, ಅವಳಿಗೆ ಕೇಳಿಸುತ್ತಿಲ್ಲ, ಗುಲಾಬಿ, ಎಲ್ಲಿ ನೋಡಿದರೂ ಗುಲಾಬಿ, ಹಲ್ಲಿನ ಮೇಲೆ ಏರಿ ಬಂದ ದಪ್ಪ ಗುಲಾಬಿ ವಸಡು, ಅದರೊಳಗೆ ಹುದುಗಿಹೋದ ನಗುಮಾಮನ ಹಲ್ಲು, ಮತ್ತೆ ಆ ಕೈ, ಅಡ್ಡ ಹಿಡಿಯುವುದಕ್ಕೆ ಇನ್ನೇನೂ ಉಳಿಯದ ಆ ಕೈ, ಹಾಸಿಗೆಯ ಮೇಲೆ ಬಿದ್ದು, ಬೆರಳು ಮಡಿಸಿಕೊಂಡು, ಸ್ಟೀರಿಂಗ್ ಹಿಡಿದ ಹಾಗೆಯೇ ಅರ್ಧ ಬಾಗಿದ ಆ ಕೈ, ಆ ಕೈ.